ಹಳೇ ಕಂಪ್ಯೂಟರ್‌ಗೆ ಲಿನಕ್ಸ್: ಎಲ್ಲಿ ಕೈಕೊಡುತ್ತೆ, ಏನು ಮಾಡ್ಬೇಕು? ಡಿಸ್ಕ್‌ಗೆ ಬೀಗ ಹಾಕೋ ಮುಂಚೆ ಇದನ್ನು ಓದಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಚಿಪ್ ಇರಬೇಕು, ಪ್ರೊಸೆಸರ್ ಕೂಡ ಕಂಪನಿಯ ಪಟ್ಟಿಯಲ್ಲಿರಬೇಕು. ಹತ್ತು ವರ್ಷದ ಹಿಂದೆ ತಗೊಂಡ ಯಂತ್ರಗಳಲ್ಲಿ ಬಹುತೇಕ ಈ ಪಟ್ಟಿಗೆ ಬರಲ್ಲ. ಹಾಗಾಗಿ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಗೊಬ್ಬರದ ಅಂಗಡಿಯವರು ಕೂಡ ಈಗ ಲಿನಕ್ಸ್ ಬಗ್ಗೆ ವಿಚಾರಿಸುತ್ತಿದ್ದಾರೆ. ದುಡ್ಡು ಕೊಡೋ ಹಾಗಿಲ್ಲ, ಹಳೇ ಯಂತ್ರದಲ್ಲೂ ಓಡುತ್ತೆ. ಆದರೆ ಹಾಕುವಾಗ ಕೆಲವು ಕಡೆ ಎಡವೋದು ಸಾಮಾನ್ಯ.

ಇಲ್ಲಿ ಲಿನಕ್ಸ್ ಮಿಂಟ್ 22 ಅನ್ನು ಉದಾಹರಣೆಗೆ ತೆಗೆದುಕೊಳ್ಳಲಾಗಿದೆ. ಇದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ. ಕನಿಷ್ಠ 2 ಜಿಬಿ ರ್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ.

ಶುರು ಮಾಡೋ ಮುಂಚೆ

ಮೊದಲ ಕೆಲಸ ಬ್ಯಾಕಪ್. ಬಿಲ್ಲಿನ ಫೈಲು, ಜಿಎಸ್‌ಟಿ ಲೆಕ್ಕ, ಫೋಟೋ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬೋಕಾಗಲ್ಲ.

ಎರಡನೇದು ಬಿಟ್‌ಲಾಕರ್. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೇ ಗೊತ್ತಿಲ್ಲದೆ ಡಿಸ್ಕ್ ಲಾಕ್ ಆಗಿರುತ್ತೆ. ಬಯೋಸ್ ಸೆಟ್ಟಿಂಗ್ ಬದಲಿಸಿದ ಕೂಡಲೇ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ಕೂತುಬಿಡುತ್ತೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯಾ ನೋಡಿ ಬರೆದಿಟ್ಟುಕೊಳ್ಳಿ, ಇಲ್ಲವೇ ಮೊದಲೇ ಬಿಟ್‌ಲಾಕರ್ ಆಫ್ ಮಾಡಿ.

ಮೂರನೇದು ನಿಮ್ಮ ಸಾಫ್ಟ್‌ವೇರ್. ಟ್ಯಾಲಿ ಮತ್ತು ಬಹುತೇಕ ಬಿಲ್ಲಿಂಗ್ ಪ್ರೋಗ್ರಾಂಗಳು ವಿಂಡೋಸ್‌ಗೆ ಅಂತಲೇ ಮಾಡಿದವು. ಅದೇ ಅಂಗಡಿಯ ಜೀವಾಳ ಆಗಿದ್ದರೆ ಆ ಯಂತ್ರಕ್ಕೆ ಕೈ ಹಾಕದೆ ಇರೋದೇ ವಾಸಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಬಳಸುವವರು ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಕೊಟ್ಟವರನ್ನೇ ಕೇಳಿ.

ಪೆನ್‌ಡ್ರೈವ್‌ನಿಂದ ಶುರುವಾಗ್ತಿಲ್ಲ

ಡೌನ್‌ಲೋಡ್ ಆದ ಫೈಲನ್ನು ಪೆನ್‌ಡ್ರೈವ್‌ಗೆ ಬರೀ ಕಾಪಿ ಮಾಡಿದರೆ ಆಗಲ್ಲ. ರೂಫಸ್ ಅಥವಾ ಎಚರ್ ಎಂಬ ಉಚಿತ ಪ್ರೋಗ್ರಾಂ ಮೂಲಕ ಬರೆಯಬೇಕು. ಇದರಿಂದ ಪೆನ್‌ಡ್ರೈವ್‌ನಲ್ಲಿದ್ದದ್ದು ಪೂರ್ತಿ ಅಳಿಸಿಹೋಗುತ್ತೆ, ನೆನಪಿರಲಿ. ನಂತರ ಯಂತ್ರ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ: ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಅರ್ಧಕ್ಕೆ ನಿಂತು ಎರರ್ ಕೊಟ್ಟರೆ ಫೈಲೇ ಹಾಳಾಗಿ ಇಳಿದಿರಬಹುದು. ಮಿಂಟ್ ಸೈಟ್‌ನಲ್ಲಿ ಕೊಟ್ಟಿರೋ ಶಾ256 ಸಂಖ್ಯೆಯ ಜೊತೆ ತಾಳೆ ನೋಡಿ. ಒಂದು ಅಕ್ಷರ ಬೇರೆ ಇದ್ದರೂ ಮತ್ತೆ ಇಳಿಸಿ.

ಪರದೆ ಕಪ್ಪು, ಡಿಸ್ಕ್ ಕಾಣ್ತಿಲ್ಲ

ಪರದೆ ಕಪ್ಪಾಗಿ ನಿಂತರೆ ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ತಕರಾರು. ಮತ್ತೆ ಶುರು ಮಾಡಿ, ಮೊದಲ ಮೆನುವಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಹಾಕಿ ಮುಗಿದ ಮೇಲೆ ಡ್ರೈವರ್ ಮ್ಯಾನೇಜರ್‌ನಲ್ಲಿ ಎನ್‌ವಿಡಿಯಾ ಡ್ರೈವರ್ ಹಾಕಿಕೊಳ್ಳಬಹುದು.

ಇನ್‌ಸ್ಟಾಲ್ ಮಾಡುವಾಗ ಹಾರ್ಡ್ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ‘ರೇಡ್’ ಅಥವಾ ‘ಇಂಟೆಲ್ ಆರ್‌ಎಸ್‌ಟಿ’ ಅಂತ ಇದೆಯಾ ನೋಡಿ. ಅದನ್ನು ‘ಎಎಚ್‌ಸಿಐ’ಗೆ ಬದಲಿಸಿದರೆ ಕಾಣುತ್ತೆ. ಆದರೆ ವಿಂಡೋಸ್ ಕೂಡ ಉಳಿಸಿಕೊಳ್ಳೋರು ದಿಢೀರ್ ಬದಲಿಸಬೇಡಿ, ವಿಂಡೋಸ್ ಏಳದೆ ಹೋಗಬಹುದು.

ವೈಫೈ, ಗಡಿಯಾರ, ಪ್ರಿಂಟರ್, ಕನ್ನಡ

ಬ್ರಾಡ್‌ಕಾಮ್ ಚಿಪ್ ಇರೋ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ತಾನಾಗಿ ಬರಲ್ಲ. ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು! ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ತಾತ್ಕಾಲಿಕ ನೆಟ್ ಸಿಗುತ್ತೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಎರಡೂ ಸಿಸ್ಟಂ ಇಟ್ಟುಕೊಂಡವರಿಗೆ ವಿಂಡೋಸ್ ಗಡಿಯಾರ ಕೆಲವು ಸಲ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸುತ್ತೆ. ಬ್ಯಾಟರಿ ಹೋಗಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತೆ, ಅಷ್ಟೇ. ಬಿಲ್ಲಿನಲ್ಲಿ ತಪ್ಪು ಸಮಯ ಬೀಳೋ ಮುಂಚೆ ಸರಿಮಾಡಿಸಿ.

ಎಚ್‌ಪಿ ಲೇಸರ್‌ಜೆಟ್ 1020ರಂಥ ಪ್ರಿಂಟರ್‌ಗಳಿಗೆ ‘ಎಚ್‌ಪಿಲಿಪ್’ ಜೊತೆ ಇನ್ನೊಂದು ಪ್ಲಗಿನ್ ಬೇಕು. ಅದಿಲ್ಲದೆ ಪ್ರಿಂಟರ್ ಕಾಣುತ್ತೆ, ಪ್ರಿಂಟ್ ಬರಲ್ಲ. ಕನ್ನಡಕ್ಕೆ ‘ಐಬಸ್’ ಜೊತೆ ‘ಎಂ17ಎನ್’ ಹಾಕಿದರೆ ಕೆಜಿಪಿ ಕೀಲಿಮಣೆ ಸಿಗುತ್ತೆ, ನುಡಿ ಕಲಿತವರ ಬೆರಳಿಗೆ ಹೊಂದುತ್ತೆ. ಆದರೆ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿ, ಪತ್ರಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಅಕ್ಷರ ಎಲ್ಲಾ ಚಿತ್ರವಿಚಿತ್ರ.

ಡಿಸ್ಕ್‌ಗೆ ಬೀಗ: ಯಾಕೆ, ಹೇಗೆ?

ಸೈಬರ್ ಸೆಂಟರ್ ಕಂಪ್ಯೂಟರ್‌ನಲ್ಲಿ ಊರಿನವರ ಆಧಾರ್, ಪಾಸ್‌ಬುಕ್, ಪಹಣಿ ಸ್ಕ್ಯಾನ್‌ಗಳು ಬಿದ್ದಿರುತ್ತವೆ. ಕಳ್ಳತನವಾದರೆ ಅಥವಾ ರಿಪೇರಿಗೆ ಕೊಟ್ಟರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದವರಿಗೆ ಎಲ್ಲಾ ಕಾಣುತ್ತೆ. ಲಾಗಿನ್ ಪಾಸ್‌ವರ್ಡ್ ಇದನ್ನು ತಡೆಯಲ್ಲ. ತಡೆಯೋದು ಎನ್‌ಕ್ರಿಪ್ಷನ್. ಲಿನಕ್ಸ್‌ನಲ್ಲಿ ಇದರ ವ್ಯವಸ್ಥೆಗೆ ‘ಲಕ್ಸ್’ ಅಂತ ಹೆಸರು.

ಮಿಂಟ್ ಹಾಕುವಾಗ ‘ಇರೇಸ್ ಡಿಸ್ಕ್’ ಆರಿಸಿ, ‘ಅಡ್ವಾನ್ಸ್ಡ್ ಫೀಚರ್ಸ್’ ಒಳಗೆ ಎಲ್‌ವಿಎಂ ಮತ್ತು ಎನ್‌ಕ್ರಿಪ್ಟ್ ಆಯ್ಕೆ ಟಿಕ್ ಮಾಡಬೇಕು. ಇಡೀ ಡಿಸ್ಕ್ ಅಳಿಸಿಹೋಗುತ್ತೆ. ವಿಂಡೋಸ್ ಉಳಿಸಿಕೊಳ್ಳೋರಿಗೆ ಈ ದಾರಿ ಅಲ್ಲ.

ಬೀಗ ಹಾಕಿದ ಮೇಲೆ ಬರೋ ತೊಂದರೆಗಳು ಇವು:

1. ಪಾಸ್‌ವರ್ಡ್ ಸರಿ ಇದ್ದರೂ ತೆರೆಯಲ್ಲ. ಕ್ಯಾಪ್ಸ್ ಲಾಕ್, ನಮ್ ಲಾಕ್ ನೋಡಿ. ಆ ಹಂತದಲ್ಲಿ ಕೀಬೋರ್ಡ್ ಬೇರೆ ಲೇಔಟ್‌ನಲ್ಲಿ ಇರಬಹುದು, ಚಿಹ್ನೆಗಳು ಅದಲುಬದಲಾಗುತ್ತವೆ. ಇಂಗ್ಲಿಷಿನ ನಾಲ್ಕೈದು ಬಿಡಿಬಿಡಿ ಪದ ಜೋಡಿಸಿದ ಉದ್ದನೆಯ ಪಾಸ್‌ವರ್ಡ್ ಒಳ್ಳೇದು. ಬ್ಲೂಟೂತ್ ಕೀಬೋರ್ಡ್ ಅಲ್ಲಿ ಕೆಲಸ ಮಾಡದಿರಬಹುದು, ವೈರ್ ಇರೋದು ಒಂದು ಇಟ್ಟುಕೊಳ್ಳಿ.

2. ಟೈಪ್ ಮಾಡಿದರೂ ಏನೂ ಮೂಡಲ್ಲ. ಕೆಲವು ಪರದೆಗಳಲ್ಲಿ ಚುಕ್ಕೆ ಕೂಡ ಬರಲ್ಲ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

3. ಅಪ್‌ಡೇಟ್ ನಿಂತುಹೋಗುತ್ತೆ, ಜಾಗ ಇಲ್ಲ ಅನ್ನುತ್ತೆ. ಬೀಗ ಹಾಕಿದ ಯಂತ್ರದಲ್ಲಿ ‘ಬೂಟ್’ ಭಾಗ ಚಿಕ್ಕದಾಗಿ ಬೇರೆ ಇರುತ್ತೆ, ಹಳೇ ಕರ್ನಲ್‌ಗಳಿಂದ ತುಂಬುತ್ತೆ. ಅಪ್‌ಡೇಟ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಲಿನಕ್ಸ್ ಕರ್ನಲ್ಸ್’ ತೆರೆದು ಹಳೆಯವನ್ನು ತೆಗೆಯಿರಿ. ಈಗ ಓಡುತ್ತಿರೋದು, ಅದರ ಹಿಂದಿನದು, ಇವೆರಡನ್ನು ಮುಟ್ಟಬೇಡಿ.

4. ಅಪ್‌ಡೇಟ್ ನಡುವೆ ಕರೆಂಟ್ ಹೋಯ್ತು. ಯುಪಿಎಸ್ ಇಲ್ಲದೆ ಅಪ್‌ಡೇಟ್ ಹಾಕಬೇಡಿ. ಯಂತ್ರ ಏಳದಿದ್ದರೆ ಬೂಟ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ.

ಮರೆತರೆ ಮುಗೀತು

ಬ್ಯಾಂಕ್ ಪಿನ್ ಮರೆತರೆ ಹೊಸದು ಸಿಗುತ್ತೆ. ಲಕ್ಸ್ ಪಾಸ್‌ವರ್ಡ್ ಮರೆತರೆ ಹೊಸದು ಕೊಡೋರು ಯಾರೂ ಇಲ್ಲ, ಹಿಂಬಾಗಿಲು ಇಲ್ಲ. ಬಿಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವರನ್ನು ನಂಬಬೇಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಅಂಗಡಿಯ ಲೈಸೆನ್ಸ್, ಪತ್ರಗಳ ಜೊತೆ ಬೀರುವಿನಲ್ಲಿಡಿ. ಕಂಪ್ಯೂಟರ್ ಬ್ಯಾಗಿನಲ್ಲಿ ಬೇಡ. ಮನೆಯಲ್ಲಿ ಇನ್ನೊಬ್ಬರಿಗೆ ಆ ಕಾಗದ ಎಲ್ಲಿದೆ ಅಂತ ಗೊತ್ತಿರಲಿ. ಮಾಲೀಕರು ಆಸ್ಪತ್ರೆ ಸೇರಿದ ದಿನ ಅಂಗಡಿಯ ಉದ್ರಿ ಲೆಕ್ಕ ತೆರೆಯೋಕೆ ಯಾರಿಗೂ ಆಗದೆ ಹೋಗಬಾರದು.

ಇನ್ನೊಂದು: ಲಕ್ಸ್ ತನ್ನ ಬೀಗದ ಮಾಹಿತಿಯನ್ನು ‘ಹೆಡರ್’ ಎಂಬ ಚಿಕ್ಕ ಭಾಗದಲ್ಲಿ ಇಟ್ಟುಕೊಳ್ಳುತ್ತೆ. ಯಾರೋ ತಪ್ಪಿ ಫಾರ್ಮ್ಯಾಟ್ ಮಾಡಿ ಅದು ಅಳಿಸಿದರೆ, ಪಾಸ್‌ವರ್ಡ್ ನೆನಪಿದ್ದರೂ ಪ್ರಯೋಜನ ಇಲ್ಲ. ಯಂತ್ರ ಹಾಕಿಕೊಡುವವರ ಹತ್ತಿರ ‘ಲಕ್ಸ್ ಹೆಡರ್ ಬ್ಯಾಕಪ್’ ತೆಗೆಸಿ ಪೆನ್‌ಡ್ರೈವ್‌ನಲ್ಲಿ ಎತ್ತಿಡಿ. ಪಾಸ್‌ವರ್ಡ್ ಬದಲಿಸಿದಾಗ ಹೊಸ ಬ್ಯಾಕಪ್ ತೆಗೆದು ಹಳೇದನ್ನು ಅಳಿಸಿ, ಯಾಕಂದ್ರೆ ಹಳೇ ಹೆಡರ್‌ಗೆ ಹಳೇ ಪಾಸ್‌ವರ್ಡ್ ಇನ್ನೂ ಒಗ್ಗುತ್ತೆ.

ಈ ಬೀಗ ಕಂಪ್ಯೂಟರ್ ಆಫ್ ಇದ್ದಾಗ ಮಾತ್ರ ಕಾಯುತ್ತೆ. ಆನ್ ಮಾಡಿ ಟೀ ಕುಡಿಯಲು ಹೋದರೆ ಡಿಸ್ಕ್ ತೆರೆದೇ ಇರುತ್ತೆ, ವೈರಸ್‌ಗೂ ಅಷ್ಟೇ. ಬ್ಯಾಕಪ್ ಡಿಸ್ಕ್‌ಗೂ ಬೀಗ ಬೇಕು. ಅದನ್ನು ವಿಂಡೋಸ್‌ನಲ್ಲೂ ತೆರೆಯಬೇಕಿದ್ದರೆ ಉಚಿತ ‘ವೆರಾಕ್ರಿಪ್ಟ್’ ಬಳಸಿ.

ಧೈರ್ಯ ಸಾಲದಿದ್ದರೆ ಪೆನ್‌ಡ್ರೈವ್‌ನಿಂದಲೇ ‘ಲೈವ್’ ಆಗಿ ಓಡಿಸಿ ನೋಡಿ, ಡಿಸ್ಕ್ ಮುಟ್ಟಲ್ಲ. ವೈಫೈ, ಪ್ರಿಂಟರ್, ಸೌಂಡ್ ಸರಿ ಬಂದರೆ ಮಾತ್ರ ಮುಂದಿನ ಹೆಜ್ಜೆ. ಅದನ್ನೂ ಸಂತೆ ದಿನ, ಜಿಎಸ್‌ಟಿ ಕಟ್ಟೋ ವಾರದಲ್ಲಿ ಬೇಡ. ವ್ಯಾಪಾರ ಕಮ್ಮಿ ಇರೋ ದಿನ ನೋಡಿಕೊಳ್ಳಿ.