ಕಿಸೆಯಲ್ಲಿಡುವ ಸಣ್ಣ ರಿವಾಲ್ವರ್: ಆತ್ಮರಕ್ಷಣೆಗೆ ಸಾಕಾ?

ರಾತ್ರಿ ಅಂಗಡಿ ಮುಚ್ಚಿ ದಿನದ ಕ್ಯಾಶ್ ಹಿಡಿದುಕೊಂಡು ಮನೆಗೆ ಹೋಗುವ ವ್ಯಾಪಾರಿ, ಗಂಡ ಗಲ್ಫ್‌ನಲ್ಲಿದ್ದು ಮಕ್ಕಳೊಂದಿಗೆ ಒಂಟಿಯಾಗಿ ಇರುವ ಮಹಿಳೆ, ಯಾರದೋ ಬೆದರಿಕೆಯಿಂದ ನಿದ್ದೆಗೆಟ್ಟ ಯುವಕ. ಇಂಥವರ ತಲೆಯಲ್ಲಿ ಒಂದಲ್ಲ ಒಂದು ದಿನ ಬರುವ ಯೋಚನೆ ಇದು: "ಒಂದು ಸಣ್ಣ ರಿವಾಲ್ವರ್ ಇದ್ದಿದ್ದರೆ?" ಮೊಬೈಲ್‌ನಲ್ಲಿ ಅಮೆರಿಕದ ವಿಡಿಯೋಗಳನ್ನು ನೋಡುವ ಹುಡುಗರಿಗಂತೂ ಇದು ಬಹಳ ಸುಲಭದ ಪರಿಹಾರವಾಗಿ ಕಾಣುತ್ತದೆ. ಆದರೆ ಅದು ನಿಜವಾಗಿ ಎಷ್ಟು ಕೆಲಸಕ್ಕೆ ಬರುತ್ತದೆ, ನಮ್ಮ ಕಾನೂನು ಏನು ಹೇಳುತ್ತದೆ, ಮನೆಯೊಳಗೆ ಅದು ತರುವ ಅಪಾಯ ಏನು ಎಂಬುದನ್ನು ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಸಣ್ಣ ರಿವಾಲ್ವರ್ ಅಂದರೆ ಯಾವುದು?

ತಿರುಗುವ ಸಿಲಿಂಡರ್‌ನಲ್ಲಿ ಐದಾರು ಗುಂಡು ತುಂಬಿಸಿಡುವ ಕೈಬಂದೂಕೇ ರಿವಾಲ್ವರ್. ಅದರ ನಳಿಗೆಯನ್ನು ಎರಡು ಇಂಚಿನಷ್ಟಕ್ಕೆ ಇಳಿಸಿ, ಬಟ್ಟೆಯೊಳಗೆ ಮರೆಯಾಗಿ ಇಟ್ಟುಕೊಳ್ಳುವಂತೆ ಮಾಡಿದ ಮಾದರಿಗಳು ಅಮೆರಿಕದಲ್ಲಿ ಹೆಸರು ಮಾಡಿದವು. ಕೋಲ್ಟ್ ಕಂಪೆನಿಯ 'ಡಿಟೆಕ್ಟಿವ್ ಸ್ಪೆಷಲ್' 1927ರಲ್ಲಿ ಬಂತು. ಸ್ಮಿತ್ ಆಂಡ್ ವೆಸ್ಸನ್ ಕಂಪೆನಿಯ ಐದು ಗುಂಡಿನ 'ಚೀಫ್ಸ್ ಸ್ಪೆಷಲ್' 1950ರಲ್ಲಿ ಬಂತು. ಮಫ್ತಿ ಪೊಲೀಸರ ಸೊಂಟದಲ್ಲಿ ದಶಕಗಳ ಕಾಲ ಇದ್ದದ್ದು ಇಂಥವೇ.

ಇದರ ಒಳ್ಳೆಯ ಗುಣ ಸರಳತೆ. ಒಂದು ತೋಟೆ ಸಿಡಿಯದೆ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನ ತೋಟೆ ಬರುತ್ತದೆ. ಮೈಮೇಲೆ ಬಿದ್ದವನ ವಿರುದ್ಧ ತೀರಾ ಹತ್ತಿರದಿಂದಲೂ ಕೆಲಸ ಮಾಡುತ್ತದೆ.

ಕೆಟ್ಟ ಗುಣಗಳೂ ಅಷ್ಟೇ ಸ್ಪಷ್ಟ. ಗುಂಡುಗಳು ಐದೋ ಆರೋ, ಅಷ್ಟೇ. ಖಾಲಿಯಾದ ಮೇಲೆ ಮತ್ತೆ ತುಂಬಿಸಲು ಹೊತ್ತು ಬೇಕು. ನಳಿಗೆ ಗಿಡ್ಡ ಆದ್ದರಿಂದ ಗುರಿಯಲ್ಲಿ ಸಣ್ಣ ತಪ್ಪಾದರೂ ಗುಂಡು ಬಹಳ ಪಕ್ಕಕ್ಕೆ ಹೋಗುತ್ತದೆ. ಟ್ರಿಗರ್ ಉದ್ದಕ್ಕೆ, ಬಲವಾಗಿ ಎಳೆಯಬೇಕು. ತೂಕ ಕಡಿಮೆ ಆದಷ್ಟೂ ಕೈಗೆ ಒದೆತ ಜಾಸ್ತಿ. ಅಂದರೆ ಹೊತ್ತೊಯ್ಯಲು ಸುಲಭವಾದ ರಿವಾಲ್ವರೇ ಗುರಿಯಿಟ್ಟು ಹೊಡೆಯಲು ಕಷ್ಟದ್ದು. ತಿಂಗಳು ತಿಂಗಳು ಅಭ್ಯಾಸ ಮಾಡದವರ ಕೈಯಲ್ಲಿ ಇದು ಐದಾರು ಹೆಜ್ಜೆಯಾಚೆಗೆ ಭರವಸೆ ಇಡುವಂಥದ್ದಲ್ಲ.

ಒಂದೂವರೆ ಸೆಕೆಂಡಿನ ಲೆಕ್ಕ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಯೆಲರ್ 1983ರಲ್ಲಿ ಒಂದು ಸರಳ ಲೆಕ್ಕವನ್ನು ಪ್ರಕಟಿಸಿದರು. ಚೂರಿ ಹಿಡಿದವನು 21 ಅಡಿ ದೂರದಿಂದ ಓಡಿಬಂದು ಇರಿಯಲು ಬೇಕಾದದ್ದು ಸುಮಾರು ಒಂದೂವರೆ ಸೆಕೆಂಡು. ತರಬೇತಾದ ಪೊಲೀಸನಿಗೂ ಸೊಂಟದ ಹೋಲ್‌ಸ್ಟರ್‌ನಿಂದ ಗನ್ ತೆಗೆದು ಗುಂಡು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಾದರೆ ಹ್ಯಾಂಡ್‌ಬ್ಯಾಗ್‌ನ ತಳದಲ್ಲೋ, ಸ್ಕೂಟರ್ ಸೀಟಿನ ಅಡಿಯಲ್ಲೋ ಇಟ್ಟ ರಿವಾಲ್ವರ್ ಯಾವಾಗ ಕೈಗೆ ಬರುವುದು? ಬೈಕಲ್ಲಿ ಬಂದು ಸರ ಎಳೆದುಕೊಂಡು ಹೋಗುವವನು ಅಷ್ಟರಲ್ಲಿ ತಿರುವು ದಾಟಿರುತ್ತಾನೆ.

ಇನ್ನು ಗುಂಡು ತಗುಲಿದ ಕೂಡಲೇ ಮನುಷ್ಯ ಬಿದ್ದುಬಿಡುವುದು ಸಿನಿಮಾದಲ್ಲಿ ಮಾತ್ರ. 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿ ಇಬ್ಬರು ದರೋಡೆಕೋರರನ್ನು ಎದುರಿಸಿದರು. ದರೋಡೆಕೋರರಲ್ಲಿ ಒಬ್ಬನಿಗೆ ಆರಂಭದಲ್ಲೇ 9 ಎಂಎಂ ಗುಂಡೊಂದು ತೋಳನ್ನು ತೂರಿ ಎದೆಯೊಳಗೆ ಹೋಯಿತು, ಆದರೆ ಹೃದಯಕ್ಕೆ ಮುಟ್ಟುವ ಮೊದಲೇ ನಿಂತಿತು. ಅದು ಪ್ರಾಣ ತೆಗೆಯುವಂಥ ಗಾಯವೇ. ಆದರೂ ಅವನು ನಿಮಿಷಗಟ್ಟಲೆ ಹೋರಾಡಿದ. ಎಫ್‌ಬಿಐನ ಇಬ್ಬರು ಸತ್ತರು, ಐವರು ಗಾಯಗೊಂಡರು. ಇದಾದ ಮೇಲೆಯೇ ಎಫ್‌ಬಿಐ, ಪರೀಕ್ಷೆಯ ಜೆಲಾಟಿನ್‌ನಲ್ಲಿ ಗುಂಡು ಕನಿಷ್ಠ 12 ಇಂಚು ಒಳಗೆ ಹೋಗಬೇಕು ಎಂಬ ಮಾನದಂಡ ತಂದದ್ದು. ವಿಶೇಷ ಏನೆಂದರೆ, ಕೊನೆಗೆ ಆ ಇಬ್ಬರನ್ನೂ ಮುಗಿಸಿದ್ದು ಗಾಯಗೊಂಡಿದ್ದ ಅಧಿಕಾರಿಯೊಬ್ಬರ ರಿವಾಲ್ವರ್. ಆಯುಧದ ಜಾತಿಗಿಂತ ಗುಂಡು ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಅದು ತರಬೇತಿಯ ಮಾತು.

ನಮ್ಮಲ್ಲಿ ಸಿಗುವುದು ಏನು?

ಭಾರತದಲ್ಲಿ 9 ಎಂಎಂನಂಥ ಪೊಲೀಸ್, ಸೇನೆಯ ಬೋರ್‌ಗಳು ಸಾಮಾನ್ಯ ಜನರಿಗೆ ನಿಷಿದ್ಧ. ಹಾಗಾಗಿ ರಿವಾಲ್ವರ್ ಅಂದರೆ ಹೆಚ್ಚಾಗಿ ಪಾಯಿಂಟ್ 32 ಬೋರ್. 2012ರ ದಿಲ್ಲಿ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಆರ್ಡ್‌ನೆನ್ಸ್ ಕಾರ್ಖಾನೆ 'ನಿರ್ಭೀಕ್' ಎಂಬ ಹಗುರ ರಿವಾಲ್ವರನ್ನು ಮಹಿಳೆಯರಿಗಾಗಿ ಎಂದು ಹೇಳಿ ಮಾರುಕಟ್ಟೆಗೆ ತಂದಿತು. ಆರು ಗುಂಡು, ತೂಕ ಸುಮಾರು ಅರ್ಧ ಕಿಲೋ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ದಿನಾ ಬಸ್ಸಲ್ಲಿ ಓಡಾಡುವ, ನಿಜವಾಗಿ ಹೆದರಿಕೆಯಲ್ಲಿರುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಈ ದುಡ್ಡು ಹೊಂದಿಸಲು ಸಾಧ್ಯ ಎಂಬ ಟೀಕೆ ಆಗಲೇ ಬಂದಿತ್ತು.

ಪಾಯಿಂಟ್ 32ರ ಗುಂಡಿನ ಶಕ್ತಿ ಸುಮಾರು 150 ಜೂಲ್. 9 ಎಂಎಂನದ್ದು ಅದರ ಮೂರು ಪಟ್ಟು. ಮಿಯಾಮಿಯಲ್ಲಿ ಆ 9 ಎಂಎಂ ಗುಂಡೇ ಆಳಕ್ಕೆ ಇಳಿಯಲಿಲ್ಲ ಎಂಬುದನ್ನು ನೆನಪಿಡಿ. ಪಾಯಿಂಟ್ 32 ಪ್ರಾಣ ತೆಗೆಯಬಲ್ಲದು, ಅದರಲ್ಲಿ ಸಂಶಯ ಬೇಡ. ಆದರೆ ನುಗ್ಗಿ ಬರುವವನನ್ನು ಆ ಕ್ಷಣದಲ್ಲೇ ನಿಲ್ಲಿಸುತ್ತದೆ ಎಂಬ ಖಾತ್ರಿ ಇಲ್ಲ. ಆತ್ಮರಕ್ಷಣೆಗೆ ಬೇಕಾದದ್ದು ಆ ನಿಲ್ಲಿಸುವಿಕೆಯೇ.

ಲೈಸೆನ್ಸ್ ಮತ್ತು ತಲಪಾಡಿ ಗಡಿ

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ವಯಸ್ಸು 21 ಆಗಿರಬೇಕು. ಪೊಲೀಸ್ ವರದಿ ಬೇಕು. ಕಾರಣ ನಿಜವಾದದ್ದು ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಲೈಸೆನ್ಸ್ ಕೊಡಲೇಬೇಕು ಎಂಬ ಹಕ್ಕು ಯಾರಿಗೂ ಇಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಗನ್ ಸಿಕ್ಕಿದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಯಾರದೋ ಕೈಯಿಂದ ಕದ್ದುಮುಚ್ಚಿ ತಂದ ನಾಡ ಪಿಸ್ತೂಲು "ರಕ್ಷಣೆಗೆ ಇಟ್ಟದ್ದು" ಎಂದರೆ ಯಾವ ಕೋರ್ಟೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಅದಕ್ಕೂ ಬೇರೆಯೇ ಶಿಕ್ಷೆ ಇದೆ.

ಕಾಸರಗೋಡು, ಮಂಜೇಶ್ವರದವರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯ ಇದೆ. ಲೈಸೆನ್ಸ್ ಪುಸ್ತಕದಲ್ಲಿ ಅದು ಯಾವ ಪ್ರದೇಶಕ್ಕೆ ಅನ್ವಯ ಎಂದು ಬರೆದಿರುತ್ತದೆ. ಕೇರಳಕ್ಕೆ ಮಾತ್ರ ಸೀಮಿತವಾದ ಲೈಸೆನ್ಸ್ ತಲಪಾಡಿ ದಾಟಿದರೆ ನಡೆಯುವುದಿಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ವ್ಯಾಪಾರಕ್ಕೆ ವಾರಕ್ಕೆ ನಾಲ್ಕು ಸಲ ಮಂಗಳೂರಿಗೆ ಹೋಗಿಬರುವ ನಮಗೆ ಇದು ಸಣ್ಣ ಮಾತಲ್ಲ. ಹಾಗೆಯೇ ಬ್ಯಾಗ್‌ನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟೆ ವಿಮಾನ ನಿಲ್ದಾಣದ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿದರೂ ಕೇಸ್ ಆಗುತ್ತದೆ. ಗಲ್ಫ್ ಪ್ರಯಾಣ ಅಲ್ಲಿಗೇ ನಿಲ್ಲಬಹುದು. ಚುನಾವಣೆ ಬಂದಾಗ ಗನ್ ಠೇವಣಿ ಇಡುವಂತೆ ಆದೇಶ ಬರುವುದು ತೋಟದ ಕೋವಿ ಇಟ್ಟುಕೊಂಡ ಕೃಷಿಕರಿಗೆಲ್ಲ ಗೊತ್ತಿರುವ ಸಂಗತಿ.

ಗುಂಡು ಹಾರಿಸಿದ ಮೇಲೆ

ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಅದಕ್ಕೇ ಮೀಸಲು. ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸಲು 38ನೇ ಸೆಕ್ಷನ್ ಕೆಲವು ಸಂದರ್ಭಗಳಲ್ಲಿ ಮಾತ್ರ ಅನುಮತಿ ಕೊಡುತ್ತದೆ: ಸಾವಿನ ಅಥವಾ ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದವು. ಬರೀ ಕಳ್ಳತನಕ್ಕೆ, ಓಡಿಹೋಗುತ್ತಿರುವವನ ಬೆನ್ನಿಗೆ, ಬಾಯಿಮಾತಿನ ಜಗಳಕ್ಕೆ ಈ ರಕ್ಷಣೆ ಸಿಗುವುದಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಬಿಡಿಸಿ ಹೇಳಿದೆ. ಸಕಾರಣವಾದ ಭಯ ಹುಟ್ಟಿದಾಗ ಹಕ್ಕು ಶುರುವಾಗುತ್ತದೆ, ಭಯ ಹೋದಾಗ ಹಕ್ಕೂ ಮುಗಿಯುತ್ತದೆ. ಆತ್ಮರಕ್ಷಣೆಗಾಗಿಯೇ ಹಾರಿಸಿದ್ದು ಎಂದು ತೋರಿಸುವ ಹೊಣೆ ಹಾರಿಸಿದವನದ್ದು. ಅಂದರೆ ನೀವು ಸರಿ ಇದ್ದರೂ ಠಾಣೆ, ವಕೀಲರು, ಕೋರ್ಟು ಎಂದು ವರ್ಷಗಟ್ಟಲೆ ಅಲೆದಾಟ ಇರಬಹುದು.

ಗನ್ ಇಲ್ಲದಿದ್ದರೂ ಇದೇ ನಿಯಮ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಜೀವಕ್ಕೆ ಅಪಾಯ ಇಲ್ಲದಾಗ ಪೆಪ್ಪರ್ ಸ್ಪ್ರೇ ಬಳಸಿದ್ದನ್ನು ಆತ್ಮರಕ್ಷಣೆ ಎಂದು ಒಪ್ಪದೆ, ಕೇಸ್ ರದ್ದು ಮಾಡಲು ನಿರಾಕರಿಸಿತು.

ಮನೆಯೊಳಗಿನ ಅಪಾಯ

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವ ವಿಷಯ. ಕ್ಯಾಲಿಫೋರ್ನಿಯದ 2.6 ಕೋಟಿ ವಯಸ್ಕರನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೈಬಂದೂಕು ಇರುವ ಗಂಡಸರು ತಾವೇ ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ ಇಲ್ಲದವರಿಗಿಂತ ಸುಮಾರು 8 ಪಟ್ಟು ಹೆಚ್ಚು. ಹೆಂಗಸರಲ್ಲಿ 35 ಪಟ್ಟು. ಬೇಸರದ ಒಂದು ಗಳಿಗೆ ಎಲ್ಲರ ಮನೆಯಲ್ಲೂ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಗನ್ ಸಿಕ್ಕಿದರೆ ಮರಳಿ ಬರುವ ದಾರಿ ಇರುವುದಿಲ್ಲ. ಇನ್ನು ಮಕ್ಕಳು. ಗನ್ನನ್ನು ಬೀಗ ಹಾಕಿ ಇಟ್ಟರೆ ತುರ್ತಿಗೆ ಸಿಗುವುದಿಲ್ಲ, ತುರ್ತಿಗೆ ಸಿಗುವಂತೆ ಇಟ್ಟರೆ ಮಕ್ಕಳ ಕೈಗೂ ಸಿಗುತ್ತದೆ. ಈ ಗಂಟನ್ನು ಯಾವ ರಿವಾಲ್ವರೂ ಬಿಡಿಸಿಲ್ಲ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆಗೆ ದುಡ್ಡಿಲ್ಲ.

ಹಾಗಾದರೆ ಉತ್ತರ ಏನು?

ದಾಳಿಕೋರ ಒಬ್ಬನೇ ಇದ್ದು, ನಾಲ್ಕೈದು ಹೆಜ್ಜೆಯೊಳಗಿದ್ದು, ಅಪಾಯ ಮೊದಲೇ ಕಣ್ಣಿಗೆ ಬಿದ್ದು, ರಿವಾಲ್ವರ್ ಮೈಮೇಲೆಯೇ ಇದ್ದು, ಕೈಗೆ ನಿರಂತರ ಅಭ್ಯಾಸ ಇದ್ದರೆ ಸಣ್ಣ ರಿವಾಲ್ವರ್ ಸಾಕಾಗಬಹುದು. ಈ ಐದರಲ್ಲಿ ಒಂದು ತಪ್ಪಿದರೂ ಅದು ಸಾಲದು. ಎದುರಿನವನು ಕಿತ್ತುಕೊಂಡರೆ ನಿಮ್ಮ ಮೇಲೆಯೇ ತಿರುಗುತ್ತದೆ. ಪೊಲೀಸರೇ ಒಪ್ಪಿದ ನಿಜವಾದ ಜೀವಬೆದರಿಕೆ ಇರುವವರು, ತರಬೇತಿ ಪಡೆದು, ನಿಯಮದಂತೆ ಇಟ್ಟುಕೊಳ್ಳುವುದು ಬೇರೆ ಮಾತು.

ಉಳಿದವರಿಗೆ ಇದಕ್ಕಿಂತ ಕೆಲಸಕ್ಕೆ ಬರುವ ದಾರಿಗಳಿವೆ. ಬೆದರಿಕೆ ಬಂದರೆ ಮೆಸೇಜ್, ಕಾಲ್ ದಾಖಲೆ ಅಳಿಸದೆ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ರಶೀದಿ ಪಡೆಯಿರಿ. ನಾಳೆ ಕೋರ್ಟಿನಲ್ಲಿ ನಿಮ್ಮ ಪರ ಮಾತಾಡುವುದು ಆ ಕಾಗದವೇ. ಅಂಗಡಿಯ ಕ್ಯಾಶನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟಿ, ದಿನಾ ಒಂದೇ ಹೊತ್ತು ಒಂದೇ ದಾರಿ ಹಿಡಿಯಬೇಡಿ. ಒಂಟಿ ಮನೆಗೆ ಗಟ್ಟಿ ಚಿಲಕ, ಅಂಗಳಕ್ಕೆ ಲೈಟ್, ಕೂಗಿದರೆ ಓಡಿಬರುವ ನೆರೆಮನೆಯವರ ನಂಬರ್ ಇರಲಿ. ತುರ್ತಿಗೆ 112 ಕೇರಳದಲ್ಲೂ ಕರ್ನಾಟಕದಲ್ಲೂ ಒಂದೇ. ಯಾರಾದರೂ ಚೂರಿ ತೋರಿಸಿ ಬ್ಯಾಗ್ ಕೇಳಿದರೆ ಕೊಟ್ಟುಬಿಡಿ. ಹೋದ ದುಡ್ಡನ್ನು ಮತ್ತೆ ದುಡಿಯಬಹುದು, ಮನೆಯಲ್ಲಿ ಕಾಯುವವರಿಗೆ ಬೇಕಾದದ್ದು ನೀವು.