ಷಿಕಾಗೋದಿಂದ ಕರಾಕಸ್‌ಗೆ

ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ವಕಾಲತ್ತು ನಡೆಸುವ ನನಗೆ ಬೇಕರ್ ಮೆಕೆಂಜಿ ಎಂಬ ಕಾನೂನು ಸಂಸ್ಥೆಯ ಚರಿತ್ರೆಯಲ್ಲಿ ಬಹಳ ಹಿಡಿಸುವುದು ಅದರ ಆರಂಭದ ಕಕ್ಷಿದಾರರು. ನ್ಯೂ ಮೆಕ್ಸಿಕೋದಿಂದ ಬಂದ ರಸೆಲ್ ಬೇಕರ್ 1925ರಲ್ಲಿ ಷಿಕಾಗೋದಲ್ಲಿ ವಕೀಲಿ ಶುರುಮಾಡಿದಾಗ ಅವರ ಬಾಗಿಲಿಗೆ ಬಂದವರು ಆ ನಗರದ ಮೆಕ್ಸಿಕನ್ ಸಮುದಾಯದವರು. ಬೇಕರ್‌ಗೆ ಸ್ಪ್ಯಾನಿಷ್ ಬರುತ್ತಿತ್ತು. ತನ್ನ ಮಾತಿನಲ್ಲೇ ಕಷ್ಟ ಹೇಳಿಕೊಳ್ಳಲು ವಕೀಲ ಸಿಕ್ಕರೆ ಕಕ್ಷಿದಾರನಿಗೆ ಅರ್ಧ ಭಾರ ಇಳಿದಂತೆ. ಇದನ್ನು ನಾನು ದಿನವೂ ನೋಡುತ್ತೇನೆ.

ಮುಂದೆ ಔಷಧ ಕಂಪನಿ ಅಬಟ್ ಲ್ಯಾಬೊರೇಟರೀಸ್ ಕಕ್ಷಿದಾರನಾಯಿತು. ಲ್ಯಾಟಿನ್ ಅಮೆರಿಕಕ್ಕೆ ವ್ಯಾಪಾರ ಹಬ್ಬಿಸುತ್ತಿದ್ದ ಕಂಪನಿಗೆ ಅಲ್ಲಿನ ಕಾನೂನು, ತೆರಿಗೆ ಬಲ್ಲವರು ಬೇಕಿತ್ತು. 1949ರಲ್ಲಿ, ವಾದದಲ್ಲಿ ಪಳಗಿದ್ದ ಜಾನ್ ಮೆಕೆಂಜಿ ಜೊತೆಯಾದರು. 1955ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಮೊದಲ ಹೊರದೇಶದ ಕಚೇರಿ ತೆರೆಯಿತು. ಆಯಾ ದೇಶದ ವಕೀಲರನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳುವುದು ಬೇಕರ್ ಅವರ ಪಟ್ಟು. ಸಂಸ್ಥೆ ಬೆಳೆದದ್ದು ಈ ಪಟ್ಟಿನಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಯುರೋಪ್, ಏಷ್ಯಾ. 1981ರಲ್ಲಿ ಪ್ಯಾರಿಸ್ ಕಚೇರಿಗೆ ಸೇರಿದ ಕ್ರಿಸ್ಟಿನ್ ಲಗಾರ್ಡ್ 1999ರಲ್ಲಿ ಇಡೀ ಸಂಸ್ಥೆಯ ಅಧ್ಯಕ್ಷೆಯಾದರು. ಆ ಪೀಠಕ್ಕೇರಿದ ಮೊದಲ ಮಹಿಳೆ.

ನಮ್ಮಲ್ಲಿ ಮಾತ್ರ ಆಗ ಬಾಗಿಲು ಬಿಗಿಯಾಗಿತ್ತು. ವಿದೇಶಿ ಸಂಸ್ಥೆಗಳು ಇಲ್ಲಿ ವಕೀಲಿ ನಡೆಸುವಂತಿಲ್ಲ, ಆಗೊಮ್ಮೆ ಈಗೊಮ್ಮೆ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು.