ಕುತ್ತಿಗೆಯ ಧಮನಿ ಮತ್ತು ತಲೆಸುತ್ತು: ಒಂದು ಐತಿಹಾಸಿಕ ವಿವೇಚನೆ

ಬೈಲಹೊಂಗಲ ಸೀಮೆಯಲ್ಲಿ ತಲೆಸುತ್ತಿಗೆ ‘ಚಕ್ಕರ’ವೆನ್ನುವ ವಾಡಿಕೆಯುಂಟು. ಕತ್ತು ಹೊರಳಿಸಿದಾಗ ಚಕ್ಕರ ಬಂದರೆ ‘ಕುತ್ತಿಗೆಯ ನರ ಹಿಡಿದಿದೆ’ ಎನ್ನುವವರು ಅನೇಕರು. ಈ ನಿರ್ಣಯವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವೈದ್ಯಶಾಸ್ತ್ರದ ಇತಿಹಾಸದ ಬೆಳಕಿನಲ್ಲಿ ನಾವಿಲ್ಲಿ ಪರಿಶೀಲಿಸುತ್ತೇವೆ.

ಕುತ್ತಿಗೆಯ ಧಮನಿಗಳ ಮಹತ್ತ್ವವು ನಮ್ಮ ಪೂರ್ವಿಕರಿಗೆ ಅವಿದಿತವಾಗಿರಲಿಲ್ಲ. ಸುಶ್ರುತಸಂಹಿತೆಯು ಕಂಠನಾಳದ ಇಕ್ಕೆಲದ ನೀಲಾ, ಮನ್ಯಾ ಎಂಬ ನಾಲ್ಕು ಧಮನಿಗಳನ್ನು ಮರ್ಮಗಳಲ್ಲಿ ಎಣಿಸಿದೆ. ಆದರೆ ‘ಭ್ರಮ’ವೆಂಬ ತಲೆಸುತ್ತಿಗೆ ಆಯುರ್ವೇದವು ವಾತ, ಪಿತ್ತ, ರಜಸ್ಸುಗಳನ್ನು ಕಾರಣವಾಗಿ ಹೇಳಿತು.

ಹಿಂಮೆದುಳಿಗೆ ರಕ್ತವನ್ನೊಯ್ಯುವ ಎರಡು ಕಶೇರು ಧಮನಿಗಳು ಕುತ್ತಿಗೆಯ ಎಲುಬುಗಳ ರಂಧ್ರಗಳ ಮೂಲಕ ಮೇಲೇರುತ್ತವೆ. ತಲೆಯನ್ನು ಪೂರ್ಣವಾಗಿ ಹೊರಳಿಸಿದಾಗ ಇವುಗಳಲ್ಲೊಂದು ಒತ್ತಲ್ಪಡುವುದುಂಟು. ಆದರೂ ಮತ್ತೊಂದು ಪಾರ್ಶ್ವದ ಧಮನಿಯೂ, 1664ರಲ್ಲಿ ಥಾಮಸ್ ವಿಲ್ಲಿಸನು ವರ್ಣಿಸಿದ ಮೆದುಳಿನ ತಳದ ಧಮನೀಚಕ್ರವೂ ಆ ಕೊರತೆಯನ್ನು ತುಂಬುವುದರಿಂದ ಬಹುಮಂದಿಗೆ ಬಾಧೆ ತಟ್ಟದು. ಈ ಪೂರೈಕೆ ಸಾಲದಿದ್ದವರಲ್ಲಿ ಮಾತ್ರ ತಲೆಸುತ್ತು ತೋರುತ್ತದೆ. 1978ರಲ್ಲಿ ಸೋರೆನ್ಸನ್ ಎಂಬ ವೈದ್ಯನು ಬಿಲ್ವಿದ್ಯೆಯ ಅಭ್ಯಾಸದಿಂದ ಇಂಥ ಆಘಾತಕ್ಕೊಳಗಾದ ರೋಗಿಯನ್ನು ವರದಿಮಾಡಿದಂದಿನಿಂದ ಈ ವ್ಯಾಧಿಗೆ ಬಿಲ್ಲುಗಾರನ ಹೆಸರೇ ಅಂಟಿಕೊಂಡಿತು.

ಒತ್ತಡವನ್ನು ಊಹಿಸುವುದು ಸುಲಭ; ಹರಿವನ್ನು ಅಳೆಯುವುದು ದುಸ್ಸಾಧ್ಯವಾಗಿತ್ತು. ಚಲನೆಯಿಂದ ತರಂಗದ ಆವರ್ತವು ವ್ಯತ್ಯಾಸಗೊಳ್ಳುವುದೆಂದು ಕ್ರಿಶ್ಚಿಯನ್ ಡಾಪ್ಲರನು 1842ರಲ್ಲಿ ಪ್ರತಿಪಾದಿಸಿದನು. 1950ರ ದಶಕದಲ್ಲಿ ಜಪಾನಿನ ಸಾತೊಮುರಾ ಈ ತತ್ತ್ವವನ್ನು ಶ್ರವಣಾತೀತ ಧ್ವನಿಗೆ ಅನ್ವಯಿಸಿ ಹೃದಯದ ಚಲನೆಯನ್ನೂ ರಕ್ತಪ್ರವಾಹವನ್ನೂ ಪರೀಕ್ಷಿಸಿದನು. 1982ರಲ್ಲಿ ಆಸ್ಲಿಡ್ ಮತ್ತು ಸಂಗಡಿಗರು ತಲೆಬುರುಡೆಯ ಮೂಲಕವೇ ಮೆದುಳಿನ ಧಮನಿಗಳ ವೇಗವನ್ನು ಅಳೆದರು. ರೋಗಿಯು ತಲೆ ಹೊರಳಿಸುತ್ತಿರುವಂತೆಯೇ ಹರಿವಿನ ಏರಿಳಿತವನ್ನು ಕಾಣುವುದು ಹೀಗೆ ಸಾಧ್ಯವಾಯಿತು. ಹರಿವು ಕುಗ್ಗಿದಾಗ ತಲೆಸುತ್ತು ತೋರಿ, ಹರಿವು ಮರಳಿದಾಗ ಅದು ಅಡಗಿದರೆ ಧಮನಿಯ ಮೇಲಣ ಶಂಕೆ ಬಲವಾಗುತ್ತದೆ. ಧಮನಿಯ ಕ್ಷ-ಕಿರಣಚಿತ್ರವು ಅದನ್ನು ದೃಢಪಡಿಸಬೇಕು. ಬರಿಯ ಸಂಕೋಚವು ಕಂಡುಬಂದ ಮಾತ್ರಕ್ಕೆ ಕಾರಣವು ಸಿದ್ಧವಾಗದು.

ಇದರ ಜೊತೆಗೆ ಮತ್ತೊಂದು ಪರಂಪರೆಯನ್ನೂ ಗಮನಿಸಬೇಕು. 1921ರಲ್ಲಿ ಬಾರಾನಿಯೂ 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕರೂ ವರ್ಣಿಸಿದ, ಒಳಗಿವಿಯಿಂದುಂಟಾಗುವ ತಲೆಸುತ್ತು ಧಮನಿಯದಕ್ಕಿಂತ ಬಹಳ ಸಾಮಾನ್ಯವಾದುದು. ರೋಗಿಯನ್ನು ಮಲಗಿಸಿ ಕಣ್ಣಿನ ಚಲನೆಯನ್ನು ನೋಡಿದರೆ ಅದು ತಿಳಿಯುತ್ತದೆ, ಯಂತ್ರವು ಬೇಡ.

1957ರಲ್ಲಿ ಹುಬ್ಬಳ್ಳಿಯಲ್ಲೂ 1963ರಲ್ಲಿ ಬೆಳಗಾವಿಯಲ್ಲೂ ವೈದ್ಯಕೀಯ ಕಾಲೇಜುಗಳು ಸ್ಥಾಪಿತವಾದುದರಿಂದ ಬೈಲಹೊಂಗಲದ ರೋಗಿಗೆ ಉನ್ನತ ವೈದ್ಯವು ಸಮೀಪವಾಯಿತು. ಚಕ್ಕರದೊಡನೆ ಮಾತು ತೊದಲಿದರೆ ಅಥವಾ ಒಂದು ಎರಡಾಗಿ ಕಂಡರೆ ಅಲ್ಲಿಗೆ ಧಾವಿಸುವುದು ಅವಶ್ಯ. ಉಳಿದವರನ್ನು ‘ನರ ಹಿಡಿದಿದೆ’ ಎಂಬ ಒಂದೇ ಮಾತಿಗೆ ಕಟ್ಟಿಹಾಕುವುದು ಈ ಇತಿಹಾಸಕ್ಕೆ ಸಮ್ಮತವಲ್ಲವೆಂದು ನಾವು ಭಾವಿಸುತ್ತೇವೆ.